ಸಿದ್ದಿ ಮೀಸಲಾತಿ: ಪಾಲು ಮತ್ತು ಪಂಕ್ತಿ

ಮೀಸಲಾತಿಯಿಂದ ವರ್ಣದ್ವೇಷ ಅಳಿಯದು, ಆದ್ದರಿಂದ ಅದು ವ್ಯರ್ಥವೆಂಬ ವಾದವನ್ನು ನಮ್ಮ ಜಿಲ್ಲೆಯಲ್ಲೇ ಪರೀಕ್ಷಿಸಬಹುದು. ಪೋರ್ಚುಗೀಸರು ಗುಲಾಮರಾಗಿ ತಂದ ಆಫ್ರಿಕನ್ನರ ಸಂತತಿಯನ್ನೊಳಗೊಂಡ ಉತ್ತರ ಕನ್ನಡದ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. 1950ರ ಪರಿಶಿಷ್ಟ ಜಾತಿಗಳ ಆದೇಶ ದಲಿತ ಕ್ರೈಸ್ತರನ್ನು ಹೊರಗಿಟ್ಟಿದೆ. ಪಂಗಡಗಳಿಗೆ ಮತದ ಷರತ್ತಿಲ್ಲದ ಕಾರಣ ಹಳಿಯಾಳದ ಕ್ರೈಸ್ತ ಸಿದ್ದಿಗೂ ಹಕ್ಕು ದೊರೆಯಿತು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತನ್ನು ಪ್ರವೇಶಿಸಿದರು. ಗುಂಗುರು ಕೂದಲು ಕಂಡು ‘ಯಾವ ದೇಶದವರು?’ ಎನ್ನುವವರು ಇನ್ನೂ ಇದ್ದಾರೆ, ನಿಜ.

ಜೆರುಸಲೇಮಿನಲ್ಲಿ ಗ್ರೀಕ್ ಭಾಷಿಕ ವಿಧವೆಯರು ಕಡೆಗಣಿಸಲ್ಪಟ್ಟಾಗ ಆರಿಸಲಾದ ಏಳು ಮಂದಿಯ ಹೆಸರುಗಳೂ ಗ್ರೀಕ್ ಹೆಸರುಗಳೇ. ಆದರೂ ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಧರ್ಮೀಯರ ಪಂಕ್ತಿಯಿಂದ ಹಿಂಜರಿದನು. ಪೌಲನು ಎದುರು ನಿಂತು ಖಂಡಿಸಬೇಕಾಯಿತು. ಅದಕ್ಕಾಗಿ ಏಳು ಮಂದಿಯ ಆಯ್ಕೆಯನ್ನು ಯಾರೂ ತಪ್ಪೆನ್ನಲಿಲ್ಲ. ಪಾಲು ಹಂಚುವುದು ಸರ್ಕಾರದ ಕೆಲಸ. ಪಂಕ್ತಿಯನ್ನೂ ಅದರಿಂದಲೇ ನಿರೀಕ್ಷಿಸುವ ವಿಮರ್ಶಕರು ನಮ್ಮ ಧರ್ಮಕೇಂದ್ರಗಳ ಮದುವೆಯೂಟದಲ್ಲಿ ಸಿದ್ದಿ ವಿಶ್ವಾಸಿಗಳು ಎಲ್ಲಿ ಕುಳಿತಿದ್ದಾರೆಂದು ಮೊದಲು ನೋಡಲಿ.