ಆ ಆರು ಎಸಳು ಬರೆದವರು ಯಾರು?

ನಮ್ಮೂರ ಬಾವಿಕಟ್ಟೆಯ ತಗಡಿನ ಬಕೆಟ್ಟಿಗೆ ಮೈತುಂಬ ಹೂವಿನಂಥ ಗುರುತುಗಳಿದ್ದವು. ಯಾರೋ ಬಿಡಿಸಿದ ಚಿತ್ತಾರ ಅಂದುಕೊಂಡಿದ್ದೆ. ಕರಗಿದ ಸತು ತಗಡಿನ ಮೇಲೆ ಗಟ್ಟಿಯಾಗುವಾಗ ಬೆಳೆದ ಹರಳು ಅದು ಅಂತ ಗೊತ್ತಾಗಿದ್ದು ಬಿಇ ಓದುವಾಗ.

ಮೊನ್ನೆ ಅಂಥದೇ ಹೂವನ್ನು ಲ್ಯಾಪ್‌ಟಾಪಿನಲ್ಲಿ ಬೆಳೆಸಿದೆ. ಜಪಾನಿನ ರ್ಯೊ ಕೊಬಾಯಾಶಿ 1993ರಲ್ಲಿ ಪ್ರಕಟಿಸಿದ ಮಾದರಿ ಅದು. ಇರುವುದು ಎರಡೇ ಸಮೀಕರಣ. ಒಂದೊಂದು ಬಿಂದುವೂ ದ್ರವವೋ (0) ಘನವೋ (1) ಅಂತ ಹೇಳಲು ಒಂದು, ಉಷ್ಣತೆಗೆ ಇನ್ನೊಂದು. ಗಡಿ ಎಲ್ಲಿದೆ ಅಂತ ಹುಡುಕುತ್ತಾ ಅಲೆಯಬೇಕಿಲ್ಲ, ಸೊನ್ನೆಯಿಂದ ಒಂದಕ್ಕೆ ಏರುವ ತೆಳು ಪದರವೇ ಗಡಿ.

ಆಫೀಸಿನಲ್ಲಿ ತೋರಿಸಿದೆ. "ಮಗಾ, ಥೇಟ್ ನಿಜವಾದ ಹರಳು ಕಣೋ!" ಅಂದರು. ನಾನೂ ಬೀಗಿದೆ. ಹೇಳಬೇಕಾದ್ದನ್ನು ಹೇಳಲಿಲ್ಲ. ಆ ಆರು ಎಸಳನ್ನು ಲೆಕ್ಕ ಕಂಡುಹಿಡಿದಿರಲಿಲ್ಲ, ಕೋಡಿನಲ್ಲಿ 6 ಅಂತ ಬರೆದವನು ನಾನೇ. 4 ಅಂತ ಬರೆದರೆ ನಾಲ್ಕು ಎಸಳು. ದಿಕ್ಕಿಗೊಂದು ವೇಗ ಕೊಡುವ ಆ ಪಕ್ಷಪಾತವನ್ನು ಸೊನ್ನೆ ಮಾಡಿದರೆ ತುದಿಗಳು ಸೀಳುತ್ತಾ ಹೋಗಿ ಹೂವೇ ಇಲ್ಲ. ಪಕ್ಕದ ಕವಲುಗಳಿಗೆ ಅಂತ ಗಡಿಯಲ್ಲಿ ಒಂದಿಷ್ಟು ರ‍್ಯಾಂಡಮ್ ನಾಯ್ಸ್ ಬೇರೆ ಉದುರಿಸಿದ್ದೆ.

ಹಾಗಾದ್ರೆ ಇದು ಬರೀ ಕಣ್ಕಟ್ಟಾ? ಅಲ್ಲ. ಗಟ್ಟಿಯಾಗುವಾಗ ಹೊರಬರುವ ಗುಪ್ತೋಷ್ಣ ಸುತ್ತಲಿನ ದ್ರವವನ್ನು ಬಿಸಿ ಮಾಡಿ ಬೆಳವಣಿಗೆಗೆ ಅಡ್ಡ ಬರುತ್ತದೆ. ತಣ್ಣಗಿನ ದ್ರವದೊಳಕ್ಕೆ ಚೂರು ಮುಂದೆ ಚಾಚಿದ ತುದಿಗೆ ಆ ಶಾಖ ಬಿಟ್ಟುಕೊಡುವುದು ಸುಲಭ, ಹಾಗಾಗಿ ಅದು ಇನ್ನೂ ಮುಂದೆ ಓಡುತ್ತದೆ. ಗುಪ್ತೋಷ್ಣದ ಸಂಖ್ಯೆ ಸಣ್ಣದಿದ್ದರೆ ಬರೀ ಗಡ್ಡೆ, ಹೆಚ್ಚಿಸಿದರೆ ಕೊಂಬೆ. ಎಸಳು ಯಾಕೆ ಚಾಚುತ್ತದೆ ಅನ್ನೋದಕ್ಕೆ ಮಾದರಿಯಲ್ಲಿ ಉತ್ತರ ಇದೆ. ಎಷ್ಟು ಎಸಳು ಅನ್ನೋದು ಪರಮಾಣುಗಳ ಜೋಡಣೆಯಿಂದ ಬರಬೇಕು, ಅದು ಇಲ್ಲಿಲ್ಲ.

ಮೇಲಾಗಿ ಇದು ಶುದ್ಧ ವಸ್ತುವಿನ ಲೆಕ್ಕ. ಎಂಜಿನ್ ಭಾಗಗಳನ್ನು ಎರಕ ಹೊಯ್ಯುವ ಅಲ್ಯೂಮಿನಿಯಂ-ಸಿಲಿಕಾನ್ ಮಿಶ್ರಲೋಹದಲ್ಲಿ ಅಲ್ಯೂಮಿನಿಯಂ ಕೊಂಬೆ ಬೆಳೆದಂತೆ ಸಿಲಿಕಾನ್ ಉಳಿದ ದ್ರವಕ್ಕೆ ಸರಿಯುತ್ತದೆ. ಕೊಂಬೆಗಳ ಸಂದಿಯಲ್ಲಿ ಕೊನೆಗೆ ಗಟ್ಟಿಯಾಗುವ ಆ ದ್ರವದ ಜಾಗದಲ್ಲೇ ಸಣ್ಣ ತೂತುಗಳು ಉಳಿಯೋದು. ಈ ಎರಡು ಸಮೀಕರಣಗಳಿಗೆ ಅದರ ಸುಳಿವೇ ಇಲ್ಲ.

ಕೊಬಾಯಾಶಿ ಏನನ್ನೂ ಮುಚ್ಚಿಟ್ಟಿಲ್ಲ. ಯಾವ ಸಂಖ್ಯೆ ಇಟ್ಟರೆ ಯಾವ ಆಕಾರ ಬರುತ್ತದೆ ಅಂತ ಒಂದೊಂದಾಗಿ ತೋರಿಸಿದ್ದಾರೆ. ಚಿತ್ರ ಮಾತ್ರ ಎತ್ತಿಕೊಂಡು ಡೆಮೋ ಕೊಟ್ಟವನು ನಾನು. ಮುಂದಿನ ಸಲ ಆ 6 ಇರೋ ಸಾಲನ್ನೇ ಮೊದಲು ತೋರಿಸ್ತೀನಿ.