ಚಾರ್ಟನ್ನು ಕೆಳಗಿನಿಂದ ಓದಿ: ಶೇರುಪೇಟೆಯ ರಸಿಕರಿಗೊಂದು ಕೈಪಿಡಿ

ಕೂಡ್ಲಿಗಿಯಿಂದ ಹರಪನಹಳ್ಳಿ ಕಡೆಗೆ ಯಾವ ಬಸ್ಸು ಹತ್ತಿದರೂ ಈಗ ಒಬ್ಬಿಬ್ಬರು ಹುಡುಗರ ಮೊಬೈಲಿನಲ್ಲಿ ಕೆಂಪು-ಹಸಿರು ಕ್ಯಾಂಡಲ್‌ಗಳು ಕಾಣುತ್ತವೆ. ಪಕ್ಕದಲ್ಲಿ ಕೂತು ಕೇಳಿ, ಯಾವ ಕಂಪನಿಯಪ್ಪಾ ಇದು? "ಗೊತ್ತಿಲ್ರೀ, ಗ್ರೂಪ್‌ನ್ಯಾಗ ಟಿಪ್ ಬಂದೈತಿ." ಏನು ತಯಾರಿಸ್ತಾರೆ? "ಅದೆಲ್ಲ ನೋಡಲ್ರೀ, ಐದು ನಿಮಿಷದ ಚಾರ್ಟ್ ಅಷ್ಟೇ." ನನಗೆ ಸಿಟ್ಟು ಬರುವುದು ಇಲ್ಲೇ. ದುಡ್ಡು ಹೋಗುತ್ತದೆ ಎಂಬುದಕ್ಕಿಂತ ಹೆಚ್ಚಾಗಿ, ಇಷ್ಟು ರುಚಿಯಾದ ವಿದ್ಯೆಯನ್ನು ಇವರು ಸವಿಯದೆಯೇ ಉಗುಳುತ್ತಿದ್ದಾರಲ್ಲ ಎಂಬ ಸಂಕಟ. ಚಾರ್ಟು ಓದುವುದರಲ್ಲಿ ಒಂದು ಸುಖವಿದೆ. ಲಾಭಕ್ಕಿಂತ ಮೊದಲು ಬರುವ, ಲಾಭ ಬರದಿದ್ದರೂ ಉಳಿಯುವ ಸುಖ ಅದು. ಅದನ್ನು ನಿಮಗೆ ಹತ್ತಿಸಬೇಕೆಂದೇ ಬರೆಯುತ್ತಿದ್ದೇನೆ.

ಡಿಮ್ಯಾಟ್ ಖಾತೆ ತೆರೆಯುವುದು, ಪ್ಯಾನ್ ಜೋಡಿಸುವುದು, ಸೆನ್ಸೆಕ್ಸ್ ಎಂದರೇನು, ನಿಫ್ಟಿ ಎಂದರೇನು ಎನ್ನುವುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಅದು ಒಂದು ಮಧ್ಯಾಹ್ನದ ಕೆಲಸ, ಬ್ಯಾಂಕಿನ ಕೌಂಟರಿನಲ್ಲೇ ಮುಗಿಯುತ್ತದೆ. ಆಪ್ಷನ್ಸ್ ಬಗ್ಗೆ ಮಾತ್ರ ಮೊದಲೇ ಹೇಳಿಬಿಡುತ್ತೇನೆ. 2024ರ ಸೆಪ್ಟೆಂಬರಿನಲ್ಲಿ ಶೇರುಪೇಟೆಯ ನಿಯಂತ್ರಕ ಸೆಬಿ ಹೊರಡಿಸಿದ ಅಧ್ಯಯನದ ಪ್ರಕಾರ 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಆಡಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ಶೇ 93 ಮಂದಿ ಕಳೆದುಕೊಂಡಿದ್ದಾರೆ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮೇಲೆ. ಸರಾಸರಿ ಒಬ್ಬೊಬ್ಬನದು 2 ಲಕ್ಷದ ಆಸುಪಾಸು. ನಮ್ಮ ಕಡೆ ಅದು ಒಂದು ಕುಟುಂಬದ ಎರಡು ಹಂಗಾಮಿನ ಮೆಕ್ಕೆಜೋಳದ ದುಡ್ಡು. ಆ ಕಡೆ ತಲೆ ಹಾಕುವವರಿಗೆ ಈ ಕೈಪಿಡಿಯಲ್ಲಿ ಏನೂ ಇಲ್ಲ.

ಶುರು ಮಾಡುವುದು ಕಣ್ಣೆದುರಿನ ಕಂಪನಿಯಿಂದ. ನಮ್ಮ ಭಾಗದವರಿಗೆ ಈ ವಿಷಯದಲ್ಲಿ ಅದೃಷ್ಟವಿದೆ. ತೋರಣಗಲ್ಲಿನ ಜೆಎಸ್‌ಡಬ್ಲ್ಯು ಸ್ಟೀಲ್ ಇದೆ, ದೋಣಿಮಲೈಯಲ್ಲಿ ಅದಿರು ತೆಗೆಯುವ ಎನ್‌ಎಂಡಿಸಿ ಇದೆ, 1954ರಲ್ಲಿ ಹುಟ್ಟಿದ ಸಂಡೂರು ಮ್ಯಾಂಗನೀಸ್ ಇದೆ, ತುಂಗಭದ್ರೆಯ ಆಚೆ ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ್ ಫೆರಸ್ ಇದೆ. ನಾಲ್ಕೂ ಶೇರುಪೇಟೆಯಲ್ಲಿ ವಹಿವಾಟಾಗುವ ಕಂಪನಿಗಳು. ಇವುಗಳಲ್ಲಿ ದುಡಿಯುವವರು ನಿಮ್ಮ ಬೀದಿಯಲ್ಲೇ ಇದ್ದಾರೆ. ಅದಿರಿನ ಲಾರಿ ಓಡುತ್ತಿದೆಯೋ ನಿಂತಿದೆಯೋ ನಿಮಗೆ ಮುಂಬೈಯವರಿಗಿಂತ ಮೊದಲು ಗೊತ್ತಾಗುತ್ತದೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಅದಿರು ಸಾಲದೆ ತೋರಣಗಲ್ಲಿನಲ್ಲಿ ಉಕ್ಕಿನ ಉತ್ಪಾದನೆ ತಗ್ಗಿಸಬೇಕಾಯಿತು. ಅದಿರೇ ಉಕ್ಕಿನ ಉಸಿರು ಎಂಬುದನ್ನು ಯಾವ ಪುಸ್ತಕವೂ ನಮಗೆ ಹೇಳಿಕೊಡಬೇಕಿರಲಿಲ್ಲ. ಇವುಗಳ ಶೇರು ಕೊಳ್ಳಿ ಎನ್ನುತ್ತಿಲ್ಲ. ಓದುವುದನ್ನು ಕಲಿಯಲು ಇವುಗಳಿಗಿಂತ ಒಳ್ಳೆಯ ಪಠ್ಯ ನಮ್ಮವರಿಗೆ ಇಲ್ಲ ಎನ್ನುತ್ತಿದ್ದೇನೆ.

ವಾರ್ಷಿಕ ವರದಿಯಲ್ಲಿ ಮೂರು ಕಡೆ ನೋಡಿ. ಸಾಲ ಎಷ್ಟು, ವ್ಯವಹಾರದಿಂದ ನಿಜವಾಗಿ ಕೈಗೆ ಬಂದ ನಗದು ಎಷ್ಟು, ಮಾಲೀಕರು ತಮ್ಮ ಶೇರನ್ನು ಒತ್ತೆ ಇಟ್ಟಿದ್ದಾರೆಯೇ. ಉಳಿದದ್ದು ನಿಧಾನಕ್ಕೆ ಬರುತ್ತದೆ.

ಇನ್ನು ಚಾರ್ಟು. ಕ್ಯಾಂಡಲ್ ಎಂಬ ಈ ಚಿತ್ರಲಿಪಿ ನ್ಯೂಯಾರ್ಕಿನದಲ್ಲ, ಜಪಾನಿನ ಅಕ್ಕಿ ಮಂಡಿಯದು. ಒಸಾಕಾದ ದೋಜಿಮಾ ಅಕ್ಕಿಪೇಟೆಗೆ 1730ರಲ್ಲಿ ಅಲ್ಲಿನ ಸರ್ಕಾರದ ಮನ್ನಣೆ ಸಿಕ್ಕಿತು. ಮುಂದೆ ಸಕಾಟ ಊರಿನ ಅಕ್ಕಿ ವ್ಯಾಪಾರಿ ಮುನೆಹಿಸಾ ಹೊಮ್ಮಾನ ಹೆಸರಿನೊಂದಿಗೆ ಈ ಬಗೆಯ ಓದು ಬೆಳೆಯಿತು. ಒಂದು ಕ್ಯಾಂಡಲ್ ಎಂದರೆ ನಾಲ್ಕು ಬೆಲೆ: ಶುರುವಾದದ್ದು, ಮುಗಿದದ್ದು, ಅತಿ ಮೇಲೆ ಹೋದದ್ದು, ಅತಿ ಕೆಳಗೆ ಬಂದದ್ದು. ಶುರು ಮತ್ತು ಮುಗಿದ ಬೆಲೆಗಳ ನಡುವಿನ ದಪ್ಪ ಭಾಗ ಮೈ, ಮೇಲೆ ಕೆಳಗೆ ಚಾಚಿದ್ದು ಬತ್ತಿ. ಸುತ್ತಿಗೆ, ದೋಜಿ, ನುಂಗುವ ಕ್ಯಾಂಡಲ್ ಎಂದು ಹೆಸರು ಬಾಯಿಪಾಠ ಮಾಡಬೇಡಿ. ವಾರದ ಚಾರ್ಟು ಹಾಕಿಕೊಳ್ಳಿ, ಒಂದು ವಾರಕ್ಕೆ ಒಂದೇ ಕ್ಯಾಂಡಲ್. ಐದು ನಿಮಿಷದ ಚಾರ್ಟಿನಲ್ಲಿ ಕಾಣುವುದು ಗದ್ದಲ. ವಾರದ ಚಾರ್ಟಿನಲ್ಲಿ ಕಾಣುವುದು ನಿರ್ಧಾರ.

ಆದರೆ ಎಲ್ಲರೂ ದಿಟ್ಟಿಸುವ ಕ್ಯಾಂಡಲಿನ ಕೆಳಗೆ, ಪರದೆಯ ಅಂಚಿನಲ್ಲಿ, ಸಣ್ಣ ಕಂಬಗಳ ಸಾಲೊಂದಿದೆ. ಅದು ವಾಲ್ಯೂಮ್, ಅಂದರೆ ಎಷ್ಟು ಶೇರು ಕೈ ಬದಲಾದವು ಎಂಬ ಲೆಕ್ಕ. ನಮ್ಮ ಹುಡುಗರು ಪರದೆ ಚಿಕ್ಕದಾಯಿತೆಂದು ಮೊದಲು ತೆಗೆದುಹಾಕುವುದೇ ಅದನ್ನು. ಕಾಲು ಕಡಿದು ನಡೆಸಿದ ಹಾಗೆ. ನನ್ನ ಮಟ್ಟಿಗೆ ಚಾರ್ಟು ಎಂದರೆ ಮುಖ್ಯವಾಗಿ ಅದೇ. ಬೆಲೆ ಏನಾಯಿತೆಂದು ಕ್ಯಾಂಡಲ್ ಹೇಳುತ್ತದೆ, ಅದನ್ನು ನಂಬಬೇಕೋ ಬೇಡವೋ ಎಂದು ಕಂಬ ಹೇಳುತ್ತದೆ.

ನನಗೆ ಇದು ಹೊಳೆದದ್ದು ಶೇರುಪೇಟೆಯಲ್ಲಲ್ಲ, ಕೊಟ್ಟೂರು ಎಪಿಎಂಸಿಯ ಒಂದು ದಲಾಲಿ ಅಂಗಡಿಯಲ್ಲಿ. ಅಂಗಡಿಯ ಹಿರಿಯರು ಬೆಳಿಗ್ಗೆ ಬಂದವರೇ ರೇಟು ಕೇಳುತ್ತಿರಲಿಲ್ಲ. "ಆವಕ ಎಷ್ಟೈತಿ?" ಅದೇ ಮೊದಲ ಮಾತು. ಶೇಂಗಾ ರೇಟು ಏಕಾಏಕಿ ಜಿಗಿದರೆ ಉಳಿದವರು ಕುಣಿಯುವಾಗ ಅವರು ಅಂಗಳಕ್ಕೆ ಇಳಿದು ಚೀಲಗಳ ಸಾಲು ನೋಡಿ ಬರುತ್ತಿದ್ದರು. "ನಾಕು ಚೀಲಕ್ಕ ಬಂದ ರೇಟು ರೇಟಲ್ಲ, ತಮ್ಮಾ." ಇನ್ನೊಂದು ದಿನ ಅಂಗಳ ತುಂಬಿ, ಗೇಟಿನಾಚೆ ಟ್ರ್ಯಾಕ್ಟರ್ ನಿಂತಿದ್ದವು. ಇಷ್ಟು ಮಾಲಿಗೆ ರೇಟು ಬೀಳಲೇಬೇಕು ಎಂದು ಎಲ್ಲರೂ ಕಾದರು. ಸಂಜೆ ಟೆಂಡರ್ ತೆರೆದಾಗ ರೇಟು ಒಂದಿಷ್ಟೂ ಇಳಿದಿರಲಿಲ್ಲ. ಅವರು ಕನ್ನಡಕ ಒರೆಸುತ್ತ, "ಯಾರೋ ದೊಡ್ಡೋರು ತಗೊಳ್ಳಾಕತ್ಯಾರ" ಎಂದರು. ಮುಂದಿನ ವಾರಗಳಲ್ಲಿ ರೇಟು ಮೇಲಕ್ಕೇ ಹೋಯಿತು. ಆಮೇಲೆ ಶೇರಿನ ಚಾರ್ಟು ತೆರೆದಾಗಲೆಲ್ಲ ನನ್ನ ಕಣ್ಣು ಮೊದಲು ಹೋಗುವುದು ಕೆಳಗಿನ ಕಂಬಗಳಿಗೇ.

ಒಂದು ವ್ಯತ್ಯಾಸ ನೆನಪಿರಲಿ. ಆವಕ ಎಂದರೆ ಮಾರಲು ಬಂದ ಮಾಲು. ವಾಲ್ಯೂಮ್ ಎಂದರೆ ಮಾರಾಟವಾಗಿ ಕೊಳ್ಳಲ್ಪಟ್ಟ ಮಾಲು. ಹಾಗಾಗಿ "ಇವತ್ತು ಮಾರುವವರಿಗಿಂತ ಕೊಳ್ಳುವವರು ಹೆಚ್ಚು" ಎಂದು ಟಿವಿಯವರು ಹೇಳುವ ಮಾತಿಗೆ ಅರ್ಥವಿಲ್ಲ. ಮಾರಿದಷ್ಟೇ ಕೊಂಡದ್ದು. ಪ್ರಶ್ನೆ ಇಷ್ಟೇ, ಯಾರಿಗೆ ಅವಸರವಿತ್ತು? ಬೆಲೆ ಏರುತ್ತ ಕಂಬವೂ ಎತ್ತರವಾದರೆ ಕೊಳ್ಳುವವನಿಗೆ ಅವಸರ. ಬೆಲೆ ಏರುತ್ತಿದ್ದು ಕಂಬ ವಾರದಿಂದ ವಾರಕ್ಕೆ ಕುಗ್ಗುತ್ತಿದ್ದರೆ ಏರಿಕೆಗೆ ಉಸಿರು ಕಟ್ಟುತ್ತಿದೆ. ಬೆಲೆ ಇಳಿಯುವಾಗ ಕಂಬ ಸಣ್ಣದಿದ್ದರೆ ಗಾಬರಿ ಬೇಡ, ಮಾಲು ಇಟ್ಟುಕೊಂಡವರು ಬಿಡುತ್ತಿಲ್ಲ. ಎಲ್ಲಕ್ಕಿಂತ ರಸವತ್ತಾದದ್ದು ಕಂಬ ಮುಗಿಲು ಮುಟ್ಟಿಯೂ ಕ್ಯಾಂಡಲಿನ ಮೈ ಗೇಣುದ್ದವೂ ಆಗದ ವಾರ. ಅಷ್ಟು ಮಾಲು ಕೈ ಬದಲಾಯಿತು, ಬೆಲೆ ಕದಲಲಿಲ್ಲ. ಬಹಳ ದಿನ ಬಿದ್ದ ಮೇಲೆ ಹೀಗಾದರೆ ಯಾರೋ ಗಟ್ಟಿಗರು ಸುರಿದದ್ದನ್ನೆಲ್ಲ ಬಾಚಿಕೊಳ್ಳುತ್ತಿದ್ದಾರೆ. ಬಹಳ ದಿನ ಏರಿದ ಮೇಲೆ ಹೀಗಾದರೆ ಯಾರೋ ಗಟ್ಟಿಗರು ನಿಮ್ಮ ತಲೆಗೆ ಕಟ್ಟುತ್ತಿದ್ದಾರೆ. ಚಾರ್ಟಿನ ಮುಂದೆ ನಾನು ಉಸಿರು ಬಿಗಿಹಿಡಿದು ಕೂರುವುದು ಇಂಥ ವಾರಗಳಲ್ಲಿ.

ಇನ್ನೂ ಒಂದು ಮೆಟ್ಟಿಲು ಇಳಿಯಿರಿ. ಕೈ ಬದಲಾದ ಶೇರುಗಳಲ್ಲಿ ಬೆಳಿಗ್ಗೆ ಕೊಂಡು ಮಧ್ಯಾಹ್ನ ಮೂರೂವರೆಯೊಳಗೆ ಮಾರಿದವೂ ಸೇರಿವೆ. ಮನೆಗೆ ಒಯ್ದವು, ಅಂದರೆ ಡಿಮ್ಯಾಟ್ ಖಾತೆಗೆ ಇಳಿದವು ಎಷ್ಟು ಎಂಬ ಡೆಲಿವರಿ ಲೆಕ್ಕವನ್ನು ಎನ್‌ಎಸ್‌ಇ ಪ್ರತಿ ವಹಿವಾಟಿನ ದಿನವೂ ಬಿಡಿಸಿ ಪ್ರಕಟಿಸುತ್ತದೆ. ಪುಕ್ಕಟೆ ಸಿಗುವ ಇದನ್ನು ನೋಡುವವರು ನನಗೆ ಸಿಕ್ಕಿದ್ದು ಅಪರೂಪ. ಕಂಬ ಎತ್ತರವಿದ್ದು ಡೆಲಿವರಿ ತೀರಾ ಕಡಿಮೆಯಿದ್ದರೆ ಅದು ಜೂಜುಕೋರರ ಸಂತೆ. ಕಂಬವೂ ಎತ್ತರ, ಡೆಲಿವರಿಯೂ ಹೆಚ್ಚು ಎಂದಾದರೆ ಯಾರೋ ಇಟ್ಟುಕೊಳ್ಳಲೆಂದೇ ಕೊಂಡಿದ್ದಾರೆ.

ಗ್ರೂಪುಗಳ ಟಿಪ್ ಯಾವುದಕ್ಕೆ ಬರುತ್ತದೆ ನೋಡಿ. ಹೆಸರೇ ಕೇಳದ ಕಂಪನಿ, ದಿನವೂ ಶೇ 5 ಏರಿ ಅಪ್ಪರ್ ಸರ್ಕ್ಯೂಟಿಗೆ, ಅಂದರೆ ಒಂದು ದಿನಕ್ಕೆ ಏರಲು ಬಿಡುವ ಮಿತಿಗೆ, ಬಡಿದು ನಿಲ್ಲುವ ಶೇರು. ಮೇಲಿನ ಕ್ಯಾಂಡಲ್ ನೋಡಿದವನು ಮರುಳಾಗುತ್ತಾನೆ. ಕೆಳಗಿನ ಕಂಬ ನೋಡಿದವನಿಗೆ ಅಲ್ಲಿ ಏನೂ ಇಲ್ಲವೆಂದು ಕಾಣುತ್ತದೆ. ಕೈಬೆರಳೆಣಿಕೆಯ ಶೇರಿನಲ್ಲಿ ಬೆಲೆ ಎಳೆದಿದ್ದಾರೆ, ಅಷ್ಟೇ. ಅದು ತಿರುಗಿದ ದಿನ ಲೋಯರ್ ಸರ್ಕ್ಯೂಟಿನಲ್ಲಿ ಕೊಳ್ಳುವವರೇ ಇರುವುದಿಲ್ಲ. ಮಾರಲು ಹಾಕಿದ ಆರ್ಡರ್ ದಿನಗಟ್ಟಲೆ ಹಾಗೇ ಕೂತಿರುತ್ತದೆ. ಇಂಥ ಶೇರನ್ನು "ರಾಕೆಟ್" ಎಂದು ಕರೆದು ಚಪ್ಪಾಳೆ ತಟ್ಟುವ ಅಭಿರುಚಿಯ ಬಗ್ಗೆ ನನಗೆ ಯಾವ ಗೌರವವೂ ಇಲ್ಲ.

ಒಳ್ಳೆಯ ಚಾರ್ಟು ಹೇಗಿರುತ್ತದೆಂದು ತಿಳಿಯಲು 2022ರ ಮೇ ತಿಂಗಳ ಜೆಎಸ್‌ಡಬ್ಲ್ಯು ಸ್ಟೀಲನ್ನು ದಿನದ ಚಾರ್ಟಿನಲ್ಲಿ ನೋಡಿ. ನಾನು ಮತ್ತೆ ಮತ್ತೆ ತೆರೆದು ನೋಡುವ ಪುಟ ಅದು. ಮೇ 21, ಶನಿವಾರ, ಕೇಂದ್ರ ಸರ್ಕಾರ ಹಲವು ಬಗೆಯ ಉಕ್ಕಿನ ಮೇಲೆ ಶೇ 15 ರಫ್ತು ಸುಂಕ ಹೇರಿತು. ಅದಿರಿನ ಸುಂಕವನ್ನು ಶೇ 50ಕ್ಕೆ ಏರಿಸಿತು. ಸೋಮವಾರ ಬೆಳಿಗ್ಗೆ ಶೇರು ಶುಕ್ರವಾರದ ಬೆಲೆಯನ್ನು ಮುಟ್ಟಲೇ ಇಲ್ಲ. ನಡುವೆ ಖಾಲಿ ಜಾಗ ಬಿಟ್ಟು ಕೆಳಗೆ ಹುಟ್ಟಿತು. ಇದನ್ನೇ ಗ್ಯಾಪ್ ಎನ್ನುವುದು. ಸಂಜೆಗೆ ಶೇ 13ರಷ್ಟು ಕುಸಿತ. ಕೆಳಗಿನ ಕಂಬ ಹಿಂದಿನ ದಿನಗಳ ಕಂಬಗಳನ್ನೆಲ್ಲ ಕುಳ್ಳಗಾಗಿಸಿತ್ತು. ಈಗ ಮುಂದೆ ನೋಡಿ. ಜೂನಿನಲ್ಲಿ ಶೇರು ಇನ್ನಷ್ಟು ಇಳಿಯಿತು, ಆದರೆ ಆ ಸೋಮವಾರದ ಕಂಬದ ಎತ್ತರ ಮರಳಲಿಲ್ಲ. ಗಾಬರಿಯವರೆಲ್ಲ ಆಗಲೇ ಹೊರಬಿದ್ದಾಗಿತ್ತು. ಸುಂಕ ತೆಗೆದದ್ದು ನವೆಂಬರಿನಲ್ಲಿ. ಅಷ್ಟು ಹೊತ್ತಿಗೆ ಶೇರು ಆ ಗ್ಯಾಪನ್ನು ತುಂಬಿಕೊಂಡು ಮೇಲೆ ಬಂದಿತ್ತು. ಸುದ್ದಿ ಬರುವ ಮೊದಲೇ ಚಾರ್ಟು ನಡೆದುಹೋಗಿತ್ತು.

ಕೋವಿಡ್ ಗಾಬರಿಯ 2020ರ ಮಾರ್ಚ್ 23ರ ಪುಟವೂ ಇದೆ. ಬೆಳಿಗ್ಗೆ ಸೂಚ್ಯಂಕ ಶೇ 10 ಬಿದ್ದು ಇಡೀ ಪೇಟೆಯನ್ನೇ 45 ನಿಮಿಷ ನಿಲ್ಲಿಸಿದರು. ಮತ್ತೆ ತೆರೆದ ಮೇಲೂ ಬಿದ್ದು ಸೆನ್ಸೆಕ್ಸ್ 3,934 ಅಂಶ ಕಳೆದುಕೊಂಡಿತು. ಆ ತಿಂಗಳು 150 ರೂಪಾಯಿಗಿಂತ ಕೆಳಗೆ ಹೋಗಿದ್ದ ಜೆಎಸ್‌ಡಬ್ಲ್ಯು 2021ರ ಮೇನಲ್ಲಿ 700 ದಾಟಿತ್ತು. ತಳದಲ್ಲೇ ಕೊಂಡೆ ಎಂದು ಹೇಳಿಕೊಳ್ಳುವವರನ್ನು ನಂಬಬೇಡಿ. ನೋಡಬೇಕಾದದ್ದು ಆ ತಳದಲ್ಲಿ ಎದ್ದ ಕಂಬಗಳನ್ನು. ಊರೆಲ್ಲ ಬಾಗಿಲು ಹಾಕಿದ್ದಾಗ ಅಷ್ಟೂ ಮಾಲನ್ನು ಕೊಂಡವರು ಇದ್ದರು.

ಹೊಸಬರು ಎಡವುವ ಜಾಗವೊಂದಿದೆ. 2017ರ ಜನವರಿಯಲ್ಲಿ ಇದೇ ಕಂಪನಿ 10 ರೂಪಾಯಿ ಮುಖಬೆಲೆಯ ಶೇರನ್ನು 1 ರೂಪಾಯಿಯ ಹತ್ತು ಶೇರಾಗಿ ಒಡೆಯಿತು. ಬೆಲೆ ಒಂದೇ ದಿನ ಹತ್ತನೇ ಒಂದಾಯಿತು, ಯಾರೂ ಒಂದು ಪೈಸೆ ಕಳೆದುಕೊಳ್ಳಲಿಲ್ಲ. ಸರಿಪಡಿಸದ ಚಾರ್ಟಿನಲ್ಲಿ ಇದು ಪ್ರಪಾತದಂತೆ ಕಾಣುತ್ತದೆ. ಬೆಲೆಯನ್ನು ಸರಿಪಡಿಸಿ ವಾಲ್ಯೂಮನ್ನು ಮರೆತ ಚಾರ್ಟಿನಲ್ಲಿ ಕಂಬಗಳು ಸುಮ್ಮನೆ ಹತ್ತು ಪಟ್ಟಾದಂತೆ ಕಾಣುತ್ತವೆ. ಬೋನಸ್, ವಿಭಜನೆಗಳ ದಿನಾಂಕ ಗೊತ್ತಿಲ್ಲದೆ ಹಳೆಯ ಚಾರ್ಟಿಗೆ ಕೈ ಹಾಕಬೇಡಿ.

ಆರ್‌ಎಸ್‌ಐ, ಎಂಎಸಿಡಿ, ಬೋಲಿಂಜರ್ ಎಂದು ಪರದೆ ತುಂಬ ಗೆರೆ ಎಳೆಯುವವರಿಗೆ ಒಂದೇ ಮಾತು. ಅವೆಲ್ಲ ಬೆಲೆಯನ್ನೇ ಅರೆದು ಮತ್ತೆ ಬಡಿಸಿದ್ದು, ಹೊಸ ಮಾಹಿತಿ ಅದರಲ್ಲಿಲ್ಲ. ನಾನು ಇಟ್ಟುಕೊಳ್ಳುವುದು 40 ವಾರದ ಸರಾಸರಿ ಗೆರೆ ಒಂದನ್ನೇ. ವಾಲ್ಯೂಮಿನ ಮೇಲೇ ನಿಂತ ಲೆಕ್ಕ ಬೇಕೆನ್ನುವವರು ಜೋಸೆಫ್ ಗ್ರ್ಯಾನ್‌ವಿಲ್ 1963ರಲ್ಲಿ ಪರಿಚಯಿಸಿದ ಆನ್ ಬ್ಯಾಲೆನ್ಸ್ ವಾಲ್ಯೂಮ್ ನೋಡಬಹುದು. ಕೊನೆಗೆ ತೆರಿಗೆಯ ಮಾತು: ಒಂದು ವರ್ಷದೊಳಗೆ ಮಾರಿದ ಲಾಭಕ್ಕೆ ಶೇ 20. ವರ್ಷ ದಾಟಿದರೆ 1.25 ಲಕ್ಷದ ಮೇಲಿನ ಲಾಭಕ್ಕೆ ಶೇ 12.5. 2024ರ ಜುಲೈ 23ರಿಂದ ಜಾರಿಯಾದ ದರ ಇದು. ಸಲಹೆ ಕೊಡುತ್ತೇನೆಂದು ಬಂದವನ ಸೆಬಿ ನೋಂದಣಿ ಸಂಖ್ಯೆ ಕೇಳಿ, ಸೆಬಿ ಜಾಲತಾಣದಲ್ಲಿ ಅದನ್ನು ಹುಡುಕಿ. ತಡವರಿಸಿದರೆ ನಂಬರ್ ಬ್ಲಾಕ್ ಮಾಡಿ. ಸಾಲದ ದುಡ್ಡು, ಬಿತ್ತನೆಯ ದುಡ್ಡು, ಮಗಳ ಮದುವೆಯ ದುಡ್ಡು ಇತ್ತ ತರಬೇಡಿ.

ಹಡಗಲಿಯವರಾಗಲಿ ಹಗರಿಬೊಮ್ಮನಹಳ್ಳಿಯವರಾಗಲಿ, ಈ ಭಾನುವಾರ ಪೇಟೆ ಮುಚ್ಚಿರುವಾಗ ಒಂದು ಕೆಲಸ ಮಾಡಿ. ಮೇಲೆ ಹೇಳಿದ ನಾಲ್ಕರಲ್ಲಿ ಒಂದು ಕಂಪನಿಯ ಐದು ವರ್ಷದ ವಾರದ ಚಾರ್ಟು ತೆರೆಯಿರಿ. ಕ್ಯಾಂಡಲ್‌ಗಳನ್ನು ಅಂಗೈಯಿಂದ ಮುಚ್ಚಿ. ಕೆಳಗಿನ ಕಂಬಗಳಲ್ಲಿ ಅತಿ ಎತ್ತರದ ಐದನ್ನು ಆರಿಸಿ, ದಿನಾಂಕ ಬರೆದುಕೊಳ್ಳಿ, ಆ ವಾರ ಏನಾಗಿತ್ತೆಂದು ಹಳೆಯ ಪತ್ರಿಕೆಗಳಲ್ಲಿ ಹುಡುಕಿ. ಆಮೇಲೆ ಅಂಗೈ ತೆಗೆದು ಬೆಲೆ ಏನು ಮಾಡಿತೆಂದು ನೋಡಿ. ಐದರಲ್ಲಿ ಮೂರಕ್ಕಾದರೂ ಕಾರಣ ಸಿಗುವವರೆಗೆ ಒಂದು ಶೇರನ್ನೂ ಕೊಳ್ಳಬೇಡಿ.