ಮುಳ್ಳಿನ ಚೆಂಡು, ಕುಸುಬಿಯ ಸಾಲು

ನೀಲಿ ಚೆಂಡಿನ ಚಿತ್ರ ಅಚ್ಚಾದ ಬೀಜದ ಪಾಕೀಟು ಕೊಳ್ಳುವವರಿಗೆ ನನ್ನದೊಂದೇ ಮಾತು: ರೊಕ್ಕ ಉಳಿಸಿರಿ. ಅದು ಯುರೋಪಿನ ಎಕಿನಾಪ್ಸ್ ರಿಟ್ರೊ, ಹಿಮ ಬೀಳುವ ಸೀಮೆಯ ಗಿಡ. ಗದಗ-ಬೆಟಗೇರಿಯ ಏಪ್ರಿಲ್ ಅದಕ್ಕೆ ಒಗ್ಗುವುದಿಲ್ಲ. ಅದರ ದಾಯಾದಿ ಬ್ರಹ್ಮದಂಡೆ ಶಿರಹಟ್ಟಿ, ಮುಂಡರಗಿ ಕಡೆಯ ಬದುಗಳಲ್ಲಿ ಪುಕ್ಕಟೆ ನಿಂತಿದೆ. ರಾಕ್ಸ್‌ಬರ್ಗ್ ಸಾಹೇಬ ಅದನ್ನು ಎಕಿನಾಪ್ಸ್ ಎಕಿನೇಟಸ್ ಎಂದು ಕರೆದ. ಹೂವು ನೀಲಿಯಲ್ಲ, ಮಾಸಲು ಬಿಳಿ. ನನಗೆ ಅದೇ ಚೆಂದ.

ದತ್ತೂರಿಯನ್ನೂ ಕೆಲವರು ಬ್ರಹ್ಮದಂಡೆ ಎನ್ನುತ್ತಾರೆ, ಹುಷಾರು. ಎಲೆ ಮುರಿದಾಗ ಹಳದಿ ಹಾಲು ಬಂದರೆ ಅದು ದತ್ತೂರಿ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಬೆರೆತು ಜನರ ಜೀವ ತೆಗೆದದ್ದು ಅದರ ಬೀಜದ ಎಣ್ಣೆಯೇ. ನಮ್ಮ ಗಿಡದಲ್ಲಿ ಹಳದಿ ಹಾಲಿಲ್ಲ. ಎಲೆಯ ಅಡಿಮೈಗೆ ಬಿಳಿ ನವಿರು. ಚೆಂಡನ್ನು ಬಿಡಿಸಿ ನೋಡಿರಿ. ಸೂರ್ಯಕಾಂತಿಯಲ್ಲಿ ನೂರಾರು ಹೂಗಳಿಗೆ ಸೇರಿ ಒಂದೇ ಹೊರಬೇಲಿ. ಇಲ್ಲಿ ಒಂದೊಂದು ಹೂವಿಗೂ ಸ್ವಂತ ಬೇಲಿ!

ಕಿತ್ತು ತಂದು ನೆಡಬೇಡಿರಿ. ತಾಯಿಬೇರು ನೆಟ್ಟಗೆ ಆಳಕ್ಕೆ ಇಳಿದಿರುತ್ತದೆ, ತುಂಡಾದರೆ ಗಿಡ ಹೋಯಿತು. ಕಪ್ಪತಗುಡ್ಡಕ್ಕಂತೂ ಸಲಿಕೆ ಹಿಡಿದು ಹೋಗಲೇಬಾರದು. 2019ರಿಂದ ಅದು ವನ್ಯಜೀವಿ ಧಾಮ. ಬದುವಿನ ಗಿಡದಿಂದ ಒಣಗಿದ ಬೀಜ ಉದುರಿಸಿಕೊಂಡು, ಬೆಳೆಯಬೇಕಾದ ಜಾಗದಲ್ಲೇ ಊರಿರಿ. ಗರಸು ಮಣ್ಣು, ತುಂಬಾ ಬಿಸಿಲು, ನೀರು ನಿಲ್ಲದ ಜಾಗ, ಅಷ್ಟು ಸಾಕು. ಗೊಬ್ಬರ ಸುರಿಯುವ ಉತ್ಸಾಹಿಗಳು ಗುಲಾಬಿ ನೋಡಿಕೊಳ್ಳಲಿ.

ಲಕ್ಷ್ಮೇಶ್ವರದ ಎರಿ ಹೊಲದವರು ಮಾತ್ರ ಇದನ್ನು ಬಿಟ್ಟು ಇದೇ ಬಳಗದ ಕುಸುಬಿ ಹಾಕುವುದು ಮೇಲು. ಎರಿಯಲ್ಲಿ ಮಳೆ ನೀರು ನಿಂತರೆ ಬ್ರಹ್ಮದಂಡೆ ತಾಳದು. ಹಿಂಗಾರಿಯ ಕುಸುಬಿಗೆ ಮಳೆ ಮುಗಿದ ಮೇಲೆ ಉಳಿದ ಹಸಿಯೇ ಸಾಕು. ಬಿಳಿಜೋಳದ ಸುತ್ತ ಕುಸುಬಿ ಸಾಲು ಬಿಟ್ಟ ಹಿರಿಯರಿಗೆ ದನ ತಡೆಯಲು ತಂತಿ ಬೇಕಿರಲಿಲ್ಲ. ಹಳದಿಯಾಗಿ ಅರಳಿ, ಬಾಡುತ್ತ ಕೆಂಪಾಗುವ ಆ ಹೂವಿನ ಮುಂದೆ ಯಾವ ಪಾಕೀಟಿನ ಚಿತ್ರ ನಿಂತೀತು? ಪಕ್ಕದ ಅಣ್ಣಿಗೇರಿಯ ಸಂಶೋಧನಾ ಕೇಂದ್ರದ ಎ-1 ತಳಿಗೆ ಮುಳ್ಳುಂಟು. ಈಗ ಮುಳ್ಳಿಲ್ಲದ ಕುಸುಬಿಯ ಭರಾಟೆ, ಫಲಟಣದ ನಾರಿ-6ರಂಥವು. ಎಸಳು ಬಿಡಿಸುವವರ ಬೆರಳಿಗೆ ಅದು ಸುಖ, ಒಪ್ಪುತ್ತೇನೆ. ಆದರೆ ಹಿತ್ತಲ ಅಂಚಿಗೆ ಮುಳ್ಳಿಲ್ಲದ ಕುಸುಬಿ ಹಾಕಿ, ಆಡು ಮೇಯ್ದು ಹೋಯಿತೆಂದು ನನ್ನ ಹತ್ತಿರ ದೂರಬಾರದು.

ಬಿತ್ತಿ ಉಳಿದ ಬೀಜ ನೆನೆಹಾಕಿ, ರುಬ್ಬಿ, ಹಾಲು ಹಿಂಡಿ ಗೋದಿ ಹುಗ್ಗಿಗೆ ಹಾಕಿರಿ. ಬ್ರಹ್ಮದಂಡೆ ಆ ಕೆಲಸಕ್ಕೆ ಬಾರದು.